ಉಳುಕಿದ ಕಾಲು, ನಿಂತ ಮಗ್ಗ

ಮೊಳಕಾಲ್ಮುರು ಎಂದೊಡನೆ ನೆನಪಾಗುವುದು ರೇಷ್ಮೆ ಸೀರೆ. ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಈ ಸೀರೆಯ ಅಂಚನ್ನೂ ಸೆರಗನ್ನೂ ನಾವು ಮೆಚ್ಚಿ ನೋಡುತ್ತೇವೆ. ಅದರಲ್ಲಿ ನೇಕಾರನ ಕೈಯಷ್ಟೇ ಅವನ ಕಾಲಿನ ದುಡಿಮೆಯೂ ಇದೆಯೆಂಬುದು ಹಲವರಿಗೆ ಹೊಳೆಯುವುದಿಲ್ಲ. ಗುಂಡಿ ಮಗ್ಗದಲ್ಲಿ ನೇಕಾರ ನೆಲಮಟ್ಟದಲ್ಲಿ ಕುಳಿತು, ಕಾಲುಗಳನ್ನು ಗುಂಡಿಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದರಂತೆ ತುಳಿಯುತ್ತಾನೆ. ಪ್ರತಿ ತುಳಿತಕ್ಕೂ ಹಾಸಿನ ಎಳೆಗಳು ಎರಡಾಗಿ ಬಿಚ್ಚಿಕೊಳ್ಳುತ್ತವೆ. ಆ ಸಂದಿನಲ್ಲಿ ಲಾಳಿ ಓಡುತ್ತದೆ. ಒಂದು ಹೊಕ್ಕಿನ ಎಳೆಗೆ ಒಂದು ತುಳಿತ. ದಿನಕ್ಕೆ ಎಷ್ಟು ಸಾವಿರ ತುಳಿತಗಳಾದವು ಎಂದು ಯಾರೂ ಲೆಕ್ಕವಿಡುವುದಿಲ್ಲ. ಅವನ್ನೆಲ್ಲ ಹೊರುವುದು ಪಾದದ ಕೀಲು, ಅಂದರೆ ಹರಡು.

ಇಂಥ ಒಬ್ಬ ನೇಕಾರ ಸಂಜೆ ಹೊಸ್ತಿಲು ದಾಟುವಾಗ ಕಾಲು ಹೊರಳಿತೆಂದು ಊಹಿಸಿಕೊಳ್ಳಿ. ಮೂಳೆ ಮುರಿದಿಲ್ಲ, ರಕ್ತ ಬಂದಿಲ್ಲ. ಮನೆಯವರು “ಉಳುಕು ಅಷ್ಟೇ, ಎರಡು ದಿನದಲ್ಲಿ ಹೋಗುತ್ತೆ” ಎನ್ನುತ್ತಾರೆ. ಯಾರೋ ಬಂದು ಎಣ್ಣೆ ಹಾಕಿ ನೀವಿ ‘ಉಳುಕು ತೆಗೆಯು’ತ್ತಾರೆ. ಮರುದಿನ ಕಾಲು ಕುಂಬಳಕಾಯಿಯಂತೆ ಊದಿರುತ್ತದೆ.

ಇಲ್ಲಿ ನಡೆದದ್ದೇನು? ಪಾದ ಒಳಕ್ಕೆ ಹೊರಳಿದಾಗ, ಹರಡಿನ ಹೊರಬದಿಯಲ್ಲಿ ಮೂಳೆಯನ್ನು ಮೂಳೆಗೆ ಬಿಗಿದಿರುವ ಅಸ್ಥಿರಜ್ಜುಗಳು ಅತಿಯಾಗಿ ಎಳೆಯಲ್ಪಡುತ್ತವೆ. ಅವುಗಳ ಕೆಲವು ಎಳೆಗಳು ಹರಿಯುತ್ತವೆ, ಸುತ್ತಲಿನ ಸಣ್ಣ ರಕ್ತನಾಳಗಳು ಒಡೆದು ಒಳಗೇ ರಕ್ತ ಜಿನುಗುತ್ತದೆ. ಬಾವು ಬರುವುದು ಇದರಿಂದ. ಒಡೆದ ರಕ್ತನಾಳವನ್ನು ಮೊದಲ ಎರಡು ಮೂರು ದಿನಗಳಲ್ಲಿ ನೀವಿದರೆ, ಬಿಸಿ ಶಾಖ ಕೊಟ್ಟರೆ, ಜಿನುಗುವಿಕೆ ಹೆಚ್ಚುತ್ತದೆ. ಆ ದಿನಗಳಲ್ಲಿ ಬೇಕಾದದ್ದು ತಂಪು, ಹದವಾದ ಬಿಗಿಯ ಪಟ್ಟಿ ಮತ್ತು ಮಲಗಿದಾಗ ಕಾಲಿನಡಿಗೆ ಒಂದು ದಿಂಬು. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ಹದಿನೈದು ನಿಮಿಷ ಇಟ್ಟರೆ ಸಾಕು; ಅದಿಲ್ಲದ ಮನೆಯಲ್ಲಿ ಮಡಕೆಯ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯೂ ಆದೀತು. ಉಳುಕು ತೆಗೆಯುವವರ ಕೈಯನ್ನು ನಾನು ಪೂರ್ತಿ ಅಲ್ಲಗಳೆಯುವುದಿಲ್ಲ, ಆದರೆ ಮೊದಲ ದಿನ ಅದು ಬೇಡ.

ಮೂಳೆ ಮುರಿದಿದೆಯೋ ಇಲ್ಲವೋ ಎಂಬುದು ಮುಂದಿನ ಪ್ರಶ್ನೆ. ಕೆನಡಾದ ಒಟ್ಟಾವ ನಗರದ ವೈದ್ಯರು 1992ರಲ್ಲಿ ಇದಕ್ಕೊಂದು ಸರಳ ಪರೀಕ್ಷೆಯನ್ನು ಪ್ರಕಟಿಸಿದರು. ಪೆಟ್ಟಾದ ಕೂಡಲೇ ಮತ್ತು ವೈದ್ಯರ ಮುಂದೆ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಅಥವಾ ಹರಡಿನ ಎರಡು ಬದಿಯ ಗಂಟುಮೂಳೆಗಳ ಹಿಂದಿನ ಅಂಚನ್ನಾಗಲಿ ತುದಿಯನ್ನಾಗಲಿ ಒತ್ತಿದಾಗ ನೋವಾದರೆ, ಎಕ್ಸ್‌ರೇ ತೆಗೆಸಬೇಕು. ಊರಿಂದ ಎಕ್ಸ್‌ರೇ ಇರುವಲ್ಲಿಗೆ ಬಸ್ಸು ಹಿಡಿದು ಹೋಗಬೇಕಾದವರಿಗೆ, ಹೋಗಬೇಕೇ ಬೇಡವೇ ಎಂದು ನಿರ್ಧರಿಸಲು ಇದೊಂದು ಒಳ್ಳೆಯ ಆಸರೆ.

ಇನ್ನು ನಿಜವಾದ ತೊಡಕಿಗೆ ಬರೋಣ. ಸುಮಾರು ಒಂದೆರಡು ವಾರದಲ್ಲಿ ನೋವು ತಗ್ಗುತ್ತದೆ, ಬಾವು ಇಳಿಯುತ್ತದೆ. ನೇಕಾರ ಮಗ್ಗಕ್ಕೆ ಇಳಿಯುತ್ತಾನೆ. ಮೂರನೆಯ ದಿನ ಮತ್ತೆ ಬಾವು. ಗುಣವಾದದ್ದು ಕೆಟ್ಟಿತೆಂದು ಮನೆಯವರು ಗಾಬರಿಯಾಗುತ್ತಾರೆ. ಆದರೆ ಅದು ಗುಣವಾಗಿಯೇ ಇರಲಿಲ್ಲ. ಹರಿದ ಜಾಗದಲ್ಲಿ ದೇಹವು ಕೊಲಾಜೆನ್ ಎಂಬ ನಾರಿನಂಥ ವಸ್ತುವಿನಿಂದ ಹೊಸ ಎಳೆಗಳನ್ನು ಹಾಕುತ್ತದೆ. ಮೊದಲ ವಾರಗಳಲ್ಲಿ ಈ ಎಳೆಗಳು ಅಡ್ಡಾದಿಡ್ಡಿಯಾಗಿದ್ದು, ಬಲವಿಲ್ಲದವಾಗಿರುತ್ತವೆ. ಅವು ಎಳೆತದ ದಿಕ್ಕಿಗೆ ಸಾಲಾಗಿ ಗಟ್ಟಿಯಾಗಲು ತಿಂಗಳುಗಳು ಬೇಕು. ನೋವು ಮೊದಲು ಹೋಗುತ್ತದೆ, ಬಲ ತಡವಾಗಿ ಬರುತ್ತದೆ. ನಡುವಿನ ಈ ಅವಧಿಯಲ್ಲೇ ಹೆಚ್ಚಿನವರು ಎರಡನೆಯ ಬಾರಿ ಬೀಳುವುದು. ನೋವಿನ ಮಾತ್ರೆ ನುಂಗಿ ಮಗ್ಗ ತುಳಿಯುವುದು ಇನ್ನೂ ಕೆಟ್ಟದ್ದು. ಎಚ್ಚರಿಸುವ ದನಿಯನ್ನೇ ಅದು ಅಡಗಿಸುತ್ತದೆ. ಬಿಸಿಲಿನಲ್ಲಿ ನೀರು ಕಡಿಮೆ ಕುಡಿದು ದುಡಿಯುವವರಲ್ಲಿ ಇಂಥ ಮಾತ್ರೆಗಳು ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲವು.

ಹಾಗೆಂದು ತಿಂಗಳುಗಟ್ಟಲೆ ಮಂಚ ಹಿಡಿಯುವುದೂ ತಪ್ಪು. ಬಳಸದ ಸ್ನಾಯು ಬೇಗ ಸೊರಗುತ್ತದೆ, ಕೀಲು ಬಿಗಿಯುತ್ತದೆ. ಇನ್ನೂ ಒಂದು ಮಾತಿದೆ. ಪಾದ ಯಾವ ಕೋನದಲ್ಲಿದೆ ಎಂಬ ಸುದ್ದಿಯನ್ನು ಮೆದುಳಿಗೆ ಕಳಿಸುವ ನರದ ತುದಿಗಳು ಅಸ್ಥಿರಜ್ಜುವಿನಲ್ಲೇ ಇವೆ. ಅದು ಹರಿದಾಗ ಆ ಸುದ್ದಿಯೂ ಕೆಡುತ್ತದೆ. ಗೋಡೆಯ ಪಕ್ಕದಲ್ಲಿ ಒಂಟಿಕಾಲಿನಲ್ಲಿ ನಿಂತು ನೋಡಿ. ಉಳುಕಿದ ಕಾಲು ಹೇಗೆ ತೊನೆಯುತ್ತದೆಂದು ತಿಳಿಯುತ್ತದೆ. ಆ ನಿಲುವೇ ಅದಕ್ಕೆ ವ್ಯಾಯಾಮ ಕೂಡ. ಗೋಡೆಯ ಆಸರೆಯಲ್ಲಿ ದಿನಕ್ಕೆ ಕೆಲವು ನಿಮಿಷ ಒಂಟಿಕಾಲಿನ ನಿಲುವು, ಹಿಮ್ಮಡಿ ಎತ್ತಿ ಇಳಿಸುವುದು, ಇವಕ್ಕೆ ಕಾಸು ಬೇಡ.

ಇಷ್ಟೆಲ್ಲ ತಿಳಿದೂ ನೇಕಾರ ಬೇಗ ಮಗ್ಗಕ್ಕೆ ಇಳಿಯುವುದು ಏಕೆ? ಉತ್ತರ ಮಜೂರಿಯಲ್ಲಿದೆ. ಮನೆಯಲ್ಲಿ ನೇಯುವವನಿಗೆ ಸೀರೆಯ ಲೆಕ್ಕದಲ್ಲಿ ಕೂಲಿ; ಸೀರೆ ಇಳಿಯದಿದ್ದರೆ ಕಾಸಿಲ್ಲ. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯಿದೆ ಕಾರ್ಖಾನೆಯ ಕೆಲಸಗಾರನಿಗೆ ಕಾಯಿಲೆಯ ದಿನಗಳಲ್ಲೂ ಕೂಲಿಯ ಒಂದು ಪಾಲು ಸಿಗುವಂತೆ ಮಾಡಿತು. ಮನೆಯ ನಡುಮನೆಯಲ್ಲಿ ಮಗ್ಗ ಹೂಡಿದವನನ್ನು ಅದು ಮುಟ್ಟಲಿಲ್ಲ. ಹಾಗಾಗಿ ಒಂದು ಹರಡಿನ ಬಾವು ಇಡೀ ಮನೆಯ ಕೆಲಸವನ್ನು ಬದಲಿಸುತ್ತದೆ. ಕಂಡಿಕೆ ಸುತ್ತುತ್ತಿದ್ದ ಹೆಂಡತಿ ಮಗ್ಗಕ್ಕೆ ಕೂರುತ್ತಾಳೆ, ಕಂಡಿಕೆಯ ರಾಟೆ ಮಗಳ ಕೈಗೆ ಬರುತ್ತದೆ. ಆ ಮಗಳು ನಿಮ್ಮ ತರಗತಿಯಲ್ಲಿ ಹಾಜರಿ ಕರೆಯುವಾಗ ಇಲ್ಲದವಳೂ ಆಗಿರಬಹುದು.

ಚಳ್ಳಕೆರೆಯ ಕಡೆ ಇದೇ ಕಥೆ ಬೇರೆ ರೂಪದಲ್ಲಿದೆ. ಎಣ್ಣೆ ಗಿರಣಿಗಳಿಂದ ಹೆಸರಾದ ಆ ಊರಿನ ಸುತ್ತ ಶೇಂಗಾ ಕೀಳುವವರಿದ್ದಾರೆ, ಕುರಿ ಕಾಯುವವರಿದ್ದಾರೆ, ಗುಂಡಿ ಮಗ್ಗದಲ್ಲೇ ಕಂಬಳಿ ನೇಯುವವರಿದ್ದಾರೆ. ರಾಜ್ಯದಲ್ಲಿ ತೀರ ಕಡಿಮೆ ಮಳೆ ಬೀಳುವ ಈ ಬಯಲಿನಲ್ಲಿ ಜಾಲಿಮುಳ್ಳಿಗೆ ಬರವಿಲ್ಲ. ಕುರಿಗಾಹಿಯ ಪಾದಕ್ಕೆ ಮುಳ್ಳು ಚುಚ್ಚಿದರೆ ಕಿತ್ತೆಸೆದು ನಡೆಯುವುದೇ ರೂಢಿ. ಆದರೆ ಧನುರ್ವಾಯುವಿನ ರೋಗಾಣು ಮಣ್ಣು ಸಗಣಿಗಳಲ್ಲಿ ವರ್ಷಗಟ್ಟಲೆ ಬದುಕಿರಬಲ್ಲದು. ಗಾಳಿಯಾಡದ ಆಳವಾದ ಕಿರುಗಾಯವೇ ಅದಕ್ಕೆ ಒಗ್ಗುವ ಜಾಗ. ಸಾಮಾನ್ಯವಾಗಿ 3ರಿಂದ 21 ದಿನಗಳಲ್ಲಿ, ಗಾಯ ಮರೆತೇ ಹೋಗಿರುವಾಗ, ದವಡೆ ಬಿಗಿಯುತ್ತದೆ. 10 ಮತ್ತು 16ನೆಯ ವಯಸ್ಸಿನಲ್ಲಿ ಹಾಕುವ ಚುಚ್ಚುಮದ್ದು ಇದಕ್ಕಾಗಿಯೇ. ನಿಮ್ಮದು ಆಗಿದೆಯೇ ಎಂದು ಮನೆಯಲ್ಲಿ ಕೇಳಿ ನೋಡಿ.

ಮುಳ್ಳಿನ ತುದಿ ಒಳಗೇ ಮುರಿದು ಉಳಿಯುವುದೂ ಉಂಟು. ಕೀಲಿನ ಬಳಿ ಹೀಗಾದರೆ ಮೇಲಿನ ಗಾಯ ಮಾಯ್ದ ಮೇಲೂ ವಾರ, ತಿಂಗಳು ಬಾವು ಬಂದು ಹೋಗುತ್ತಿರುತ್ತದೆ. ಮರದ ಚೂರು ಎಕ್ಸ್‌ರೇಯಲ್ಲಿ ಸಾಧಾರಣವಾಗಿ ಕಾಣುವುದಿಲ್ಲ. ಆದ್ದರಿಂದ ಎಂದೋ ಮುಳ್ಳು ಚುಚ್ಚಿದ್ದನ್ನು ವೈದ್ಯರಿಗೆ ರೋಗಿಯೇ ಹೇಳಬೇಕು. ಸಕ್ಕರೆ ಕಾಯಿಲೆಯವರಿಗೆ ಪಾದದಲ್ಲಿ ಸ್ಪರ್ಶವೇ ಮಂಕಾಗಿರಬಹುದು. ಅವರ ಅಂಗಾಲನ್ನು ಸಂಜೆ ಮನೆಯವರು ಯಾರಾದರೂ ನೋಡುವುದು ಒಳ್ಳೆಯದು.

ಮತ್ತೆ ಮಗ್ಗದ ಮಾತು. ಪೂರ್ತಿ ಕೆಲಸ ಬಿಡಲಾಗದವನು ಮೊದಲ ದಿನ ಒಂದು ಗಂಟೆ ನೇಯ್ದು ನಿಲ್ಲಿಸಬೇಕು. ಮರುದಿನ ಬೆಳಿಗ್ಗೆ ಎದ್ದು ಎರಡೂ ಹರಡುಗಳನ್ನು ಹೋಲಿಸಿ ನೋಡಬೇಕು. ಬಾವಾಗಲಿ ನೋವಾಗಲಿ ಹೆಚ್ಚಿಲ್ಲದಿದ್ದರೆ ಇನ್ನರ್ಧ ಗಂಟೆ ಸೇರಿಸಬಹುದು. ಹೆಚ್ಚಿದ್ದರೆ ಹಿಂದಿನ ದಿನದ್ದೇ ಅತಿಯಾಯಿತೆಂದು ಅರ್ಥ. ಆರು ವಾರ ಕಳೆದರೂ ನಡೆಯುವಾಗ ಕಾಲು ತಾನಾಗಿ ಹೊರಳುತ್ತಿದ್ದರೆ ಮೂಳೆ ಕೀಲಿನ ವೈದ್ಯರನ್ನು ಕಾಣಬೇಕು. ಅಲ್ಲಿಯವರೆಗೆ ಕಂಡಿಕೆ ಸುತ್ತುವ ಕೆಲಸವನ್ನು ಅಪ್ಪನೇ ಮಾಡಬಹುದು. ಅದಕ್ಕೆ ಹಲಗೆ ತುಳಿಯಬೇಕಿಲ್ಲ, ಮಗಳೂ ಶಾಲೆ ಬಿಡಬೇಕಾಗಿಲ್ಲ.