ಡ್ರೋನು ನಡುಹೊಲದಿಂದ ತಾನೇ ವಾಪಸು ಬರುವುದೇಕೆ?

ತೊಗರಿ ಎದೆಮಟ್ಟ ಬೆಳೆದ ಮೇಲೆ ಒಳಗೆ ಹೊಕ್ಕು ಎಣ್ಣೆ ಹೊಡೆಯಲು ಆಳು ಸಿಗುವುದಿಲ್ಲ. ಹಾಗಾಗಿ ನಮ್ಮ ಕಡೆ ಹೂ ಬಿಡುವ ಹೊತ್ತಿಗೆ ಡ್ರೋನು ಬಾಡಿಗೆಗೆ ಕರೆಸುವುದು ರೂಢಿಯಾಗುತ್ತಿದೆ. ನಾನೂ ಎರಡು ವರ್ಷದಿಂದ ಕರೆಸುತ್ತಿದ್ದೇನೆ. ಹಾರಿಸುವುದು ನಮ್ಮ ಕೆಲಸವಲ್ಲ, ಅದಕ್ಕೆ ತರಬೇತಿ, ಸರ್ಟಿಫಿಕೇಟು ಬೇಕು. ಆದರೆ ಅದು ಅರ್ಧಕ್ಕೇ ಕೆಲಸ ಬಿಟ್ಟು ತಾನೇ ತಿರುಗಿ ಬರುತ್ತದಲ್ಲ, ಅದು ಯಾಕೆ, ಆಗ ಏನೇನು ಕೆಡಬಹುದು ಎಂಬುದು ಹೊಲದವನಿಗೆ ಗೊತ್ತಿರಬೇಕು. ಬೆಳೆ ನಮ್ಮದು. ಬದುವಿನ ಮೇಲೆ ನಿಂತು ನೋಡುವ ಮಕ್ಕಳೂ ನಮ್ಮವೇ.

ನಾನು ಕರೆಸುವುದು 10 ಲೀಟರ್ ಟ್ಯಾಂಕಿನದು. ಒಂದು ಟ್ಯಾಂಕಿಗೆ ಸುಮಾರು ಒಂದು ಎಕರೆ ಆಗುತ್ತದೆ. ಅದರ ಬ್ಯಾಟರಿಯಲ್ಲಿ 12 ಸೆಲ್ಲು ಸಾಲಾಗಿ ಜೋಡಿಸಿರುತ್ತಾರೆ. ಪೂರ್ತಿ ಚಾರ್ಜಾದಾಗ ಒಂದೊಂದು ಸೆಲ್ಲು 4.2 ವೋಲ್ಟು, ಒಟ್ಟು 50.4. ಟಾರ್ಚಿನ ಸೆಲ್ಲಿನಂತೆ ಇದನ್ನು ಪೂರಾ ಖಾಲಿ ಮಾಡುವ ಹಾಗಿಲ್ಲ, ಮಾಡಿದರೆ ಬ್ಯಾಟರಿ ಕೆಡುತ್ತದೆ. ಅದಕ್ಕೇ ಯಂತ್ರದಲ್ಲಿ ಎರಡು ಗಡಿ ಹಾಕಿರುತ್ತಾರೆ. ಮೊದಲ ಗಡಿ ಮುಟ್ಟಿದಾಗ ರಿಮೋಟು ಕೂಗುತ್ತದೆ, ಡ್ರೋನು ಹೊರಟ ಜಾಗಕ್ಕೆ ತಿರುಗುತ್ತದೆ. ಎರಡನೇ ಗಡಿ ಮುಟ್ಟಿದರೆ ಎಲ್ಲಿದೆಯೋ ಅಲ್ಲೇ ಇಳಿಯುತ್ತದೆ. ತೊಗರಿಯಲ್ಲಿ ಇಳಿದರೆ ರೆಕ್ಕೆಯೂ ಮುರಿಯಿತು, ಗಿಡವೂ ಮುರಿಯಿತು. ಗಡಿ ಎಷ್ಟು ವೋಲ್ಟಿಗೆ ಎಂಬುದು ಯಂತ್ರದಿಂದ ಯಂತ್ರಕ್ಕೆ ಬೇರೆ.

ಟ್ಯಾಂಕು ತುಂಬಿದಾಗ ಭಾರಕ್ಕೆ ಕರೆಂಟು ಹೆಚ್ಚು ಎಳೆಯುತ್ತದೆ. ಪಂಪ್‌ಸೆಟ್ಟು ಚಾಲೂ ಆದ ಕೂಡಲೇ ಮನೆಯ ಬಲ್ಬು ಮಂಕಾಗುತ್ತದಲ್ಲ, ಹಾಗೆ ವೋಲ್ಟು ಕುಸಿಯುತ್ತದೆ. ಹಳೇ ಬ್ಯಾಟರಿಯಲ್ಲಿ ಇದು ಜಾಸ್ತಿ. ಚಾರ್ಜು ಉಳಿದಿದ್ದರೂ ಡ್ರೋನು ಬೇಗ ಕೂಗುವುದು ಇದರಿಂದಲೇ. ಅಂಥ ಬ್ಯಾಟರಿಗೆ 10ರ ಬದಲು 7 ಲೀಟರ್ ತುಂಬಿಸಿ ಹಾರಿಸುವುದು ಮೇಲು. ನೀರಿಗೆ ತಕ್ಕಂತೆ ಔಷಧಿಯನ್ನೂ ಕಡಿಮೆ ಮಾಡಬೇಕು, ಅಷ್ಟೇ.

ಇನ್ನು ವಾಪಸು ಬರುವ ದಾರಿ. ಡ್ರೋನಿಗೆ 'ಮನೆ' ಎಂದರೆ ಅದು ಮೇಲೆದ್ದ ಜಾಗ. ಉಪಗ್ರಹದ ಸಂಕೇತ ಹಿಡಿದು ಆ ಜಾಗದ ಗುರುತು ಇಟ್ಟುಕೊಳ್ಳುತ್ತದೆ. ಸಂಕೇತ ಸರಿಯಾಗಿ ಸಿಗುವ ಮೊದಲೇ ಗಡಿಬಿಡಿಯಿಂದ ಎಬ್ಬಿಸಿದರೆ ಗುರುತು ಆಚೀಚೆ ಆಗುತ್ತದೆ. ಬೇವಿನ ಮರದ ಬುಡದಿಂದ ಎಬ್ಬಿಸಿದರೆ ಇಳಿಯಲು ಬರುವುದೂ ಆ ಮರದ ಮೇಲೇ! ನೆರಳಿಗೆ ನಾವು ನಿಲ್ಲೋಣ, ಡ್ರೋನು ಬಯಲಲ್ಲಿರಲಿ.

ತಿರುಗುವಾಗ ಮೊದಲು ಗೊತ್ತುಮಾಡಿದ ಎತ್ತರಕ್ಕೆ ಏರುತ್ತದೆ, ಆಮೇಲೆ ನೇರ ಗೆರೆ ಎಳೆದಂತೆ ಬರುತ್ತದೆ. ಎಣ್ಣೆ ಹೊಡೆಯುವಾಗ ಹೇಗೆ ಸುತ್ತಿ ಹೋಗಿತ್ತು ಎಂಬುದರ ಗೊಡವೆ ಅದಕ್ಕಿಲ್ಲ. ನಮ್ಮಲ್ಲಿಗೆ ಬರುವ ಹೆಣ್ಣುಮಗಳು ಮಹಿಳಾ ಸಂಘದವಳು. 2023ರಲ್ಲಿ ಮಂಜೂರಾದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಅವರ ಸಂಘಕ್ಕೆ ಡ್ರೋನು ಸಿಕ್ಕಿದೆ. "ಕಾಕಾ, ಬರೋವಾಗ ಅದು ಗಿಡ ನೋಡಂಗಿಲ್ಲ, ಹೇಳಿದ ಎತ್ತರ ಅಷ್ಟೇ ನೋಡ್ತದ" ಅಂದಳು. ಅಡ್ಡಿ ಗುರುತಿಸುವ ಸಾಧನ ಇರುವ ಡ್ರೋನುಗಳೂ ಇವೆ, ಆದರೆ ಸಣ್ಣ ತಂತಿ ಅದಕ್ಕೂ ತಪ್ಪಿಹೋಗಬಹುದು. ಹೊಲದ ಮೇಲಿನ ಕರೆಂಟಿನ ಕಂಬ ಎಂಟೊಂಬತ್ತು ಮೀಟರ್ ಇರುತ್ತದೆ, ಹಳೇ ಬೇವು ಅದಕ್ಕಿಂತ ಎತ್ತರ. "ವಾಪಸ್ ಎತ್ತರ ಎಷ್ಟಿಟ್ಟೀಯವ್ವ?" ಎಂದು ನಾನು ಪ್ರತಿ ಸಲ ಕೇಳುತ್ತೇನೆ. ಹೊಲದಲ್ಲಿ ತಂತಿ ಎಲ್ಲಿದೆ ಎಂದು ಅವಳಿಗೆ ನಡೆದು ತೋರಿಸುತ್ತೇನೆ. ಪಕ್ಕದ ಹೊಲದವರ ಹಿಪ್ಪುನೇರಳೆಯೋ ಕೃಷಿಹೊಂಡವೋ ಆ ನೇರ ಗೆರೆಯಲ್ಲಿ ಬಂದರೆ ಎಬ್ಬಿಸುವ ಜಾಗ ಬದಲಿಸಬೇಕು. ಪಂಪು ನಿಂತರೂ ನಳಿಗೆಯಿಂದ ಹನಿ ಉದುರುವುದುಂಟು.

ಗಾಳಿಯ ಲೆಕ್ಕವೂ ಇದೆ. ವಿಷ ಮೈಮೇಲೆ ಬರಬಾರದೆಂದು ಹಾರಿಸುವವರು ಗಾಳಿ ಬರುವ ದಿಕ್ಕಿನಲ್ಲಿ ನಿಲ್ಲುತ್ತಾರೆ, ಅದು ಸರಿಯೇ. ಆದರೆ ಆಗ ಡ್ರೋನು ಎದುರುಗಾಳಿಯಲ್ಲಿ ವಾಪಸಾಗಬೇಕು, ಬ್ಯಾಟರಿ ಜಾಸ್ತಿ ತಿನ್ನುತ್ತದೆ. ಹೊಲ ಉದ್ದವಾಗಿದ್ದರೆ ದೂರದ ತುದಿ ಮುಗಿಸುವಾಗ ಕೂಗುವ ತನಕ ಕಾಯದೆ ಮುಂಚೆಯೇ ಕರೆಸಿಕೊಳ್ಳುವುದು ಒಳ್ಳೆಯದು.

ನಮಗೆ ನಿಜವಾದ ನಷ್ಟ ಆಗುವುದು ಬಿಟ್ಟ ಜಾಗದಲ್ಲಿ. ನಕ್ಷೆ ಹಾಕಿ ತಾನೇ ಹಾರುವಂತೆ ಮಾಡಿದ್ದರೆ ಎಲ್ಲಿ ನಿಲ್ಲಿಸಿತ್ತೋ ಅಲ್ಲಿಂದಲೇ ಶುರುಮಾಡುವ ಸೌಕರ್ಯ ಇರುತ್ತದೆ. ಕೈಯಿಂದ ಹಾರಿಸಿದರೆ ಅಂದಾಜೇ ಗತಿ. ಒಂದು ಪಟ್ಟಿ ತಪ್ಪಿದರೆ ಕಾಯಿಕೊರಕ ಅಲ್ಲೇ ಉಳಿಯಿತು, ಎರಡು ಸಲ ಬಿದ್ದರೆ ಔಷಧಿ ದಂಡ, ಎಲೆ ಸುಡುವುದೂ ಉಂಟು. ಅದಕ್ಕೆ ಮಗನನ್ನು ಹಿಂದಿನ ಬದುವಿನ ಮೇಲೆ, ಎಣ್ಣೆ ತಾಗದಷ್ಟು ದೂರ ನಿಲ್ಲಿಸಿರುತ್ತೇನೆ. ಡ್ರೋನು ತಿರುಗಿದ ಸಾಲಿನ ನೇರಕ್ಕೆ ಅವನು ಬದುವಿನಲ್ಲಿ ಬಟ್ಟೆ ಕಟ್ಟಿದ ಕೋಲು ಚುಚ್ಚುತ್ತಾನೆ.

ಇಳಿಸಿದ ಬ್ಯಾಟರಿ ಕೈಗೆ ಬಿಸಿ ಹತ್ತುತ್ತದೆ. ಬಿಸಿ ಇರುವಾಗಲೇ ಚಾರ್ಜಿಗೆ ಹಾಕಬಾರದು. ನೆರಳಲ್ಲಿಟ್ಟು ಆರಲು ಬಿಡಬೇಕು, ನೀರು ಹಾಕಿ ತಣಿಸುವುದಲ್ಲ. ಉಬ್ಬಿದ ಬ್ಯಾಟರಿ ಕಂಡರೆ ಅದನ್ನು ನಮ್ಮ ಹೊಲದ ಮೇಲೆ ಹಾರಿಸಬೇಡಿ ಎಂದು ಹೇಳುವ ಹಕ್ಕು ನಮಗಿದೆ. ಆ ದಿನದ ಕೆಲಸ ಅರ್ಧಕ್ಕೆ ನಿಂತರೂ ಚಿಂತೆಯಿಲ್ಲ, ಮರುದಿನ ಬೆಳಿಗ್ಗೆ ಕೋಲು ಚುಚ್ಚಿದ ಕಡೆಯಿಂದ ಮುಂದುವರಿಸಬಹುದು.