ಗೋಧಿ ಬೆಳೆಯದ ದ್ವೀಪದಲ್ಲಿ ಹಿಟ್ಟಿನ ಗಿರಣಿ

ಪ್ರಶ್ನೆ: ಗೋಧಿಯನ್ನೇ ಬೆಳೆಯದ ಬಹರೇನ್‌ನ ಮೀನಾ ಸಲ್ಮಾನ್ ಬಂದರಿನಲ್ಲಿ ಹಿಟ್ಟಿನ ಗಿರಣಿ ಏಕೆ? ಹಿಟ್ಟನ್ನೇ ತರಿಸಬಹುದಿತ್ತಲ್ಲ?

ಉತ್ತರ: ಗಿರಣಿಗೆ ಬೇಕಾದದ್ದು ಎರಡು: ಕಾಳು ಬಂದು ಸೇರುವ ಜಾಗ, ಬೀಸುವ ಶಕ್ತಿ. ಹೋಲಿಕೆಗೆ ನೋಡಿ: ಹಿಂದೆ ಅಮೆರಿಕದ ಗಡಿನಾಡಿಗೆ ವಲಸಿಗರೊಡನೆ ಹೋದ ಗಿರಣಿಗಾರ ಮೊದಲು ನೋಡುತ್ತಿದ್ದುದು ಹೊಳೆಯ ಇಳಿಜಾರನ್ನು. ಒಡ್ಡು ಕಟ್ಟಿ, ಕಾಲುವೆ ತೋಡಿ, ಮರದ ಚಕ್ರ ಕೂರಿಸಿ, ಬೀಸುವ ಕಲ್ಲಿಗೆ ಉಳಿಯಿಂದ ಗೆರೆ ಕೊರೆಯುತ್ತಿದ್ದ. ಬಡಗಿ, ಕಲ್ಲುಕುಟಿಗ, ಎಂಜಿನಿಯರ್ ಎಲ್ಲವೂ ಬಹುಪಾಲು ಅವನೇ. ಕೂಲಿಯಾಗಿ ಕಾಳಿನಲ್ಲೇ ಪಾಲು. ಇಂಥವರಿಗಾಗಿಯೇ ಅಮೆರಿಕದ ಗಿರಣಿ ತಂತ್ರಜ್ಞ ಆಲಿವರ್ ಇವಾನ್ಸ್ 1795ರಲ್ಲಿ ಕೈಪಿಡಿ ಪ್ರಕಟಿಸಿದ. ಮೀನಾ ಸಲ್ಮಾನ್‌ನಲ್ಲಿ ಗಿರಣಿಯ ಜಾಗವನ್ನು ಗೊತ್ತುಮಾಡಿದ್ದು ಹೊಳೆಯಲ್ಲ, ಕಾಳು ಬಂದಿಳಿಯುವ ಹಡಗುಕಟ್ಟೆ. ಬಂದರು ತೆರೆದದ್ದು 1962ರಲ್ಲಿ. 1970ರಲ್ಲಿ ಸ್ಥಾಪನೆಯಾದ ಬಹರೇನ್ ಫ್ಲೋರ್ ಮಿಲ್ಸ್ 1972ರಲ್ಲಿ ಬೀಸಲು ತೊಡಗಿತು.

ಹಿಟ್ಟು ತರಿಸುವುದು ಸುಲಭವೆಂದು ತೋರುವುದು ಸಹಜ. ಆದರೆ ಚೆನ್ನಾಗಿ ಒಣಗಿದ ಇಡೀ ಗೋಧಿ ತಿಂಗಳುಗಟ್ಟಲೆ ಕೆಡದು. ಹಿಟ್ಟಿಗೆ ಕೊಲ್ಲಿಯ ಸೆಕೆ, ತೇವ, ಹುಳು ಬೇಗ ತಾಗುತ್ತವೆ. ಹಡಗು ತಡವಾದಾಗ ಸೈಲೋದಲ್ಲಿನ ಗೋಧಿಯೇ ದ್ವೀಪದ ರೊಟ್ಟಿಗೆ ಆಧಾರ. ಬೂಸಾ ಕೂಡ ವ್ಯರ್ಥವಾಗದೆ ಸ್ಥಳೀಯ ದನಕುರಿಗಳಿಗೆ ಸಿಗುತ್ತದೆ. ಸರ್ಕಾರದ ಪಾಲುಳ್ಳ ಈ ಕಂಪನಿಯನ್ನು ಗಡಿನಾಡಿನ ಒಂಟಿ ಗಿರಣಿಗಾರನಿಗೆ ಹೋಲಿಸುವುದು ಸರಿಯೇ ಎಂದರೆ, ಬಂಡವಾಳದ ಮಟ್ಟಿಗೆ ಖಂಡಿತ ಸರಿಯಲ್ಲ. ಹೊಣೆಯ ಮಟ್ಟಿಗೆ ಸರಿ: ಅಮೆರಿಕದ ಹಲವು ರಾಜ್ಯಗಳಲ್ಲಿ ಗಿರಣಿಗಾರನ ಪಾಲನ್ನು ಕಾನೂನೇ ಗೊತ್ತುಪಡಿಸಿತ್ತು, ಬಹರೇನ್ ಸರ್ಕಾರವೂ ಹಿಟ್ಟಿಗೆ ಸಬ್ಸಿಡಿ ಕೊಟ್ಟು ಬೆಲೆ ಹಿಡಿದಿಟ್ಟಿದೆ.