ಕಡಲಯಾನಕ್ಕೆ ಜೊತೆಗಾರರು
ಪ್ರಶ್ನೆ: ದೀರ್ಘ ಹಾಯಿದೋಣಿ ಯಾನಕ್ಕೆ ಜೊತೆಗಾರರನ್ನು ಆರಿಸುವುದು ಹೇಗೆ?
– ಓದುಗರೊಬ್ಬರು, ಬೆಹಾಲಾ, ಕೋಲ್ಕತ್ತ

ಉತ್ತರ: ಜೋಡಿ ಯಾನಕ್ಕೆ ನಿಮ್ಮೂರಲ್ಲೇ ಉದಾಹರಣೆ ಇದೆ. 1969ರಲ್ಲಿ ಪಿನಾಕಿ ಚಟರ್ಜಿ ಮತ್ತು ಜಾರ್ಜ್ ಆಲ್ಬರ್ಟ್ ಡ್ಯೂಕ್ ಹುಟ್ಟು ಹಾಕುತ್ತಲೇ ಕೋಲ್ಕತ್ತದಿಂದ ಅಂಡಮಾನ್ ಮುಟ್ಟಿದರು. ಹಾಯಿದೋಣಿಯಲ್ಲಾದರೆ ನೌಕಾಪಡೆಯ ದಿಲ್ನಾ ಮತ್ತು ರೂಪಾ. 2024ರ ಅಕ್ಟೋಬರ್ 2ರಂದು ಗೋವೆಯಿಂದ ‘ತಾರಿಣಿ’ಯಲ್ಲಿ ಹೊರಟವರು ಭೂಮಿಯನ್ನು ಸುತ್ತಿ 2025ರ ಮೇ 29ಕ್ಕೆ ಮರಳಿದರು. ಅದಕ್ಕೂ ಮೊದಲೇ ಇಬ್ಬರೂ ಮಾರಿಷಸ್‌ಗೆ ಹೋಗಿಬಂದಿದ್ದರು. ನನ್ನ ಮಟ್ಟಿಗೆ ಆಯ್ಕೆ ನಡೆಯಬೇಕಾದ್ದು ಅಂಥ ಪೂರ್ವಯಾನದಲ್ಲೇ. ಇಬ್ಬರೇ ಇರುವ ದೋಣಿಯಲ್ಲಿ ಒಬ್ಬರು ನಿದ್ದೆ ಹೋದಾಗ ಇನ್ನೊಬ್ಬರ ಕಾವಲಿನ ಮೇಲೆಯೇ ಪ್ರಾಣ. ರಾತ್ರಿಪಾಳಿಗೆ ಹೇಳದೆ ಏಳುವವರನ್ನು, ಸಮುದ್ರಬೇನೆಯಲ್ಲೂ ಸಿಡುಕದವರನ್ನು ಹುಡುಕಿ. ಖರ್ಚಿನ ಪಾಲೆಷ್ಟು, ಕೊನೆಯ ಮಾತು ಯಾರದು ಎಂಬುದನ್ನು ದಡದಲ್ಲೇ ಬರೆದಿಟ್ಟುಕೊಳ್ಳಿ.